ಶನಿಗ್ರಹಕ್ಕೆ ಹೋದ ಗಂಗಿ

ಗೋಕುಲ ರಸ್ತೆಯಲ್ಲಿ ನಮ್ಮ ಮನೆಯ ಕೆಳಗೊಬ್ಬ ಟೇಲರ್ ಇದ್ದಾನೆ. ವಾರಕ್ಕೊಮ್ಮೆ ತನ್ನ ಮಷೀನಿಗೆ ಎಣ್ಣೆ ಹಾಕುತ್ತಾನೆ. ಆ ಎಣ್ಣೆಯೂ ಹೊಸ ಅರಿವೆಯ ಧೂಳೂ ಸೇರಿ ಮೆಟ್ಟಿಲ ಬಳಿ ಒಂದು ವಾಸನೆ ನಿಲ್ಲುತ್ತದೆ. ಉಳಿದವರು ಮೂಗು ಮುಚ್ಚಿಕೊಂಡು ಹತ್ತಿ ಹೋಗುತ್ತಾರೆ. ನಾನು ಕಾಯಿಪಲ್ಲೆಯ ಚೀಲ ಹಿಡಿದುಕೊಂಡು ಅಲ್ಲೇ ನಿಂತುಬಿಡುತ್ತೇನೆ. ಅದು ಗರಗದ ಶಾಂತಾ ಅತ್ತೆಯ ಪಡಸಾಲೆಯ ವಾಸನೆ. ಹಂಜಿಯ ಹತ್ತಿ, ಚರಕದ ಕದಿರಿಗೆ ಬಿಟ್ಟ ಎಣ್ಣೆ, ಮೂಲೆಯಲ್ಲಿ ಕೂತು ಅತ್ತೆಯ ಗಂಡ, ನಮ್ಮ ಮಾಮಾ, ರೇಡಿಯೋಕ್ಕೆ ಬೆಸುಗೆ ಹಾಕುವಾಗ ಏಳುತ್ತಿದ್ದ ಸಣ್ಣ ಹೊಗೆ. ಆ ಮನೆ ಈಗ ಇಲ್ಲ. ಅಲ್ಲೊಂದು ಗೊಬ್ಬರದ ಗೋದಾಮು ಎದ್ದಿದೆ. ಹೋದ ವರ್ಷ ಅದರ ಮುಂದೆ ನಿಂತು ಪಡಸಾಲೆ ಎಲ್ಲಿತ್ತು, ಅಡುಗೆಮನೆ ಎಲ್ಲಿತ್ತು ಎಂದು ಹೆಜ್ಜೆಯಲ್ಲಿ ಅಳೆಯಲು ಹೋದೆ. ಹಮಾಲರು ನೋಡುತ್ತಿದ್ದರು, ನಾಚಿಕೆಯಾಗಿ ಬಿಟ್ಟೆ.

ಅತ್ತೆ ಎಂದರೆ ನಮ್ಮಪ್ಪನ ಅಕ್ಕ. ನನಗೆ ಏಳು ವರ್ಷವಿದ್ದಾಗ ಅವ್ವ ತಮ್ಮನನ್ನು ಹಡೆದು ತುಂಬಾ ಬಳಲಿದ್ದಳು. ಅಪ್ಪ ಬೆಳಗಾದರೆ ಕಾರ್ಖಾನೆಗೆ ಹೋಗಬೇಕು. ಹಾಗಾಗಿ ಒಂದು ವರ್ಷ ನನ್ನನ್ನು ಗರಗದಲ್ಲಿ ಅತ್ತೆಯ ಹತ್ತಿರ ಬಿಟ್ಟರು. ಅತ್ತೆಗೆ ಮಕ್ಕಳಿಲ್ಲ ಎಂದುಕೊಂಡಿದ್ದೆ, ಯಾಕೆಂದರೆ ಯಾರೂ ಇದ್ದವೆಂದು ಹೇಳಿರಲಿಲ್ಲ. ಅವಳು ಖಾದಿ ಕೇಂದ್ರದಿಂದ ಹಂಜಿ ತಂದು ಮನೆಯಲ್ಲೇ ನೂಲುತ್ತಿದ್ದಳು. ಬಲಗೈಯಲ್ಲಿ ಚಕ್ರ, ಎಡಗೈಯಲ್ಲಿ ಹಂಜಿ. ಎಳೆ ಹೊರಡುತ್ತಿದ್ದಂತೆ ಬಾಯಿಂದ ಕಥೆಯೂ ಹೊರಡುತ್ತಿತ್ತು. ಚಕ್ರ ತಿರುಗುವಷ್ಟು ಹೊತ್ತು ಮಾತ್ರ ಕಥೆ. ಎಳೆ ಹರಿದರೆ ಕಥೆಯೂ ನಿಲ್ಲಬೇಕು. ಅತ್ತೆ ಬೆರಳು ಒದ್ದೆ ಮಾಡಿಕೊಂಡು ಎರಡು ತುದಿ ಹೊಸೆದು ಕೂಡಿಸುವ ತನಕ ನಾನು ಉಸಿರು ಬಿಗಿಹಿಡಿದು ಕೂಡಬೇಕು. "ಮುಂದೇನಾತು ಅತ್ತಿ?" ಎಂದರೆ, "ತಡೀ, ಮೊದಲ ಎಳಿ ಕೂಡ್ಲಿ" ಎನ್ನುತ್ತಿದ್ದಳು. ಆ ಕಾಯುವಿಕೆಯ ಸಂಕಟ ನನಗೆ ಇವತ್ತಿಗೂ ನೆನಪಿದೆ.

ಕಥೆಯಲ್ಲಿ ರಾಜ ರಾಣಿ ಇರಲಿಲ್ಲ. ಗಂಗಿ ಎಂಬ ಒಂಬತ್ತು ವರ್ಷದ ಹುಡುಗಿ ಇದ್ದಳು. ಅವಳು ಅಟ್ಟದ ಮೇಲೆ ಒಂದು ಹಳೆಯ ಚರಕದ ಚಕ್ರಕ್ಕೆ ಮಾಮಾನ ಕೆಟ್ಟ ರೇಡಿಯೋಗಳ ಬಲ್ಬು, ತಂತಿ, ಗುಂಡಿ ಜೋಡಿಸಿ ಆಕಾಶಕ್ಕೆ ಹಾರುವ ಯಂತ್ರ ಮಾಡಿಕೊಂಡಿದ್ದಳು. ಗಂಗಿ ಎಡಚಿ. ಮುಂದಿನ ಒಂದು ಹಲ್ಲು ಅರ್ಧ ಮುರಿದಿತ್ತು. ಹಲ್ಲಿ ಕಂಡರೆ ಕಿರುಚುತ್ತಿದ್ದಳು, ಆದರೆ ಉಲ್ಕೆಗಳ ನಡುವೆ ಯಂತ್ರ ನಡೆಸುವಾಗ ಅವಳ ಎಡಗೈ ನಡುಗುತ್ತಿರಲಿಲ್ಲ. ಅರಿವೆಯ ಗಂಟಿನಲ್ಲಿ ಎರಡು ಕಟಕ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಹೊರಟಳೆಂದರೆ ಚಂದ್ರ, ಮಂಗಳ ಎಲ್ಲ ಅವಳಿಗೆ ಧಾರವಾಡಕ್ಕೆ ಹೋಗಿಬಂದಷ್ಟೇ ಸಲೀಸು. ಶನಿಗ್ರಹದ ಬಳೆಯ ಮೇಲೆ ಅವಳಿಗೊಬ್ಬ ಕಬ್ಬಿಣದ ಮನುಷ್ಯ ಸಿಕ್ಕಿದ. ತಗಡಪ್ಪ ಎಂದು ಗಂಗಿಯೇ ಹೆಸರಿಟ್ಟಳು. ಗಾಳಿಯಿಲ್ಲದ ಊರಿನಲ್ಲಿ ಮಾತು ಕೇಳಿಸುವುದಿಲ್ಲವಲ್ಲ, ಆದ್ದರಿಂದ ಅಲ್ಲಿಯ ಮಕ್ಕಳು ಅಂಗೈಯ ಬೆಳಕಿನಿಂದ ಮಾತಾಡುತ್ತಿದ್ದರು. ಏಳನೇ ಇಯತ್ತೆ ಓದಿದ ಹೆಂಗಸಿಗೆ ಇದೆಲ್ಲ ಎಲ್ಲಿಂದ ಹೊಳೆಯುತ್ತಿತ್ತೋ! ಮಾಮಾನ ಹತ್ತಿರ ಒಂದೆರಡು ಹರಕು ವಿಜ್ಞಾನದ ಪುಸ್ತಕಗಳಿದ್ದವು, ಅಷ್ಟೇ. ಒಂದು ಮಾತ್ರ ನನಗೆ ಸರಿಬರುತ್ತಿರಲಿಲ್ಲ. ಗಂಗಿ ಯಾವ ಕಥೆಯಲ್ಲೂ ಮನೆಗೆ ವಾಪಸು ಬರುತ್ತಿರಲಿಲ್ಲ. ಕೇಳಿದರೆ ಅತ್ತೆ, "ಬರ್ತಾಳ, ಭಾಳ ದೂರ ಹೋಗ್ಯಾಳಲ್ಲ" ಎಂದು ಹಂಜಿ ಬದಲಿಸುತ್ತಿದ್ದಳು. ಮಾಮಾ ತಲೆ ತಗ್ಗಿಸಿ ರೇಡಿಯೋದೊಳಗೇ ನೋಡುತ್ತಿದ್ದರು.

ನಾನು ಹಟಮಾರಿ. ಈಗಲೂ ಹೌದು, ಮನೆಯವರನ್ನು ಕೇಳಿ. ನನ್ನ ಹುಟ್ಟುಹಬ್ಬದ ದಿನ ಅತ್ತೆ ಹೋಳಿಗೆ ಮಾಡಿ, ಹೊಸ ಫ್ರಾಕು ಹಾಕಿ, ಚರಕದ ಮುಂದೆ ಕೂತು, "ಇವತ್ತ ಗಂಗಿ ಏನ ಮಾಡಿದ್ಲಪಾ ಅಂದ್ರ" ಎಂದು ಶುರುಮಾಡಿದಳು. ನನಗೆ ಎಲ್ಲಿಲ್ಲದ ಸಿಟ್ಟು ಬಂತು.

"ಬರೇ ಗಂಗಿ ಗಂಗಿ! ನನ್ನ ಹೆಸರ ಇಡು. ಸವಿತಾ ಅಂತ ಹೇಳು. ಇಲ್ಲಂದ್ರ ನಾ ಕೇಳಂಗಿಲ್ಲ."

ಚಕ್ರ ನಿಂತಿತು. "ಗಂಗಿ ಇರ್ಲಿ ಬಿಡವಾ," ಎಂದಳು ಅತ್ತೆ. "ನೀ ಆಕಿ ಗೆಳತಿ ಆಗು. ಇಬ್ರೂ ಕೂಡಿ ಹೋಗ್ರಿ."

"ಇಬ್ರು ಬ್ಯಾಡ. ನಾನೊಬ್ಬಾಕೀನ ಹೋಗಬೇಕು."

ಅತ್ತೆ ಮಾಮಾನ ಕಡೆ ನೋಡಿದಳು. ಮಾಮಾ ಕೈಯಲ್ಲಿದ್ದುದನ್ನು ಕೆಳಗಿಟ್ಟು, "ಹುಟ್ಟಿದ ದಿನಾ ಕೂಸಿನ್ನ ಅಳಸಬ್ಯಾಡ ಶಾಂತಾ" ಎಂದು ಹೇಳಿ ಎದ್ದು ಹೊರಗೆ ಹೋದರು. ಅತ್ತೆ ಬಹಳ ಹೊತ್ತು ಹಂಜಿಯನ್ನು ಬೆರಳಲ್ಲಿ ಹಿಂಜುತ್ತಾ ಕೂತಿದ್ದಳು. ಆಮೇಲೆ, "ಆತವಾ, ಸವಿತಾ ಅಂತ ಒಬ್ಬ ಹುಡಿಗಿ ಇದ್ಲು" ಎಂದಳು. ನಾನು ಗೆದ್ದೆನೆಂದು ಅವಳ ತೊಡೆಯ ಮೇಲೆ ತಲೆ ಇಟ್ಟೆ.

ಅಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತು. ಬಿಡಲಿಲ್ಲ. ಮರುದಿನ ಕಥೆಯಲ್ಲಿ ಸವಿತಾ ಎಡಗೈಯಿಂದ ಗುಂಡಿ ತಿರುವಿದಳು. "ನಾ ಏನ ಎಡಚಿ ಅಲ್ಲ" ಎಂದೆ. ಅತ್ತೆ ಬಲಗೈ ಮಾಡಿದಳು. ಹಲ್ಲು ಮುರಿದದ್ದು ಬೇಡ ಎಂದೆ, ಹಲ್ಲು ಸರಿಹೋಯಿತು. ಹಲ್ಲಿ ಕಂಡರೆ ನಾನು ಹೆದರುವುದಿಲ್ಲ ಎಂದೆ, ಅದೂ ಹೋಯಿತು. ಗಂಗಿಯ ಗಿಡ್ಡ ಜುಟ್ಟು ನನ್ನ ಉದ್ದ ಜಡೆಯಾಯಿತು. ಪ್ರತಿಸಲವೂ ಅತ್ತೆ ಚಕ್ರ ನಿಲ್ಲಿಸಿ, "ಆತವಾ" ಎನ್ನುತ್ತಿದ್ದಳು. ಸವಿತಾ ಮಾತ್ರ ದಿನಾಲೂ ದೀಪ ಹಚ್ಚುವ ಹೊತ್ತಿಗೆ ಮನೆಗೆ ಬಂದುಬಿಡುತ್ತಿದ್ದಳು. ನನ್ನನ್ನು ಆಕಾಶದಲ್ಲಿ ಬಿಟ್ಟು ಅತ್ತೆ ಒಂದು ಕಥೆಯನ್ನೂ ಮುಗಿಸಲಿಲ್ಲ. ಮಾಮಾ ಆಮೇಲೆ ಪಡಸಾಲೆಯಲ್ಲಿ ಕೂಡಲಿಲ್ಲ. ರೇಡಿಯೋಗಳನ್ನೆಲ್ಲ ಬಸ್‌ಸ್ಟ್ಯಾಂಡಿನ ಹತ್ತಿರದ ಅಂಗಡಿಗೆ ಒಯ್ದರು.

ದೊಡ್ಡವಳಾಗಿ ನಾನೂ ಮಕ್ಕಳಿಗೆ ಇಂಥವೇ ಕಥೆ ಬರೆಯತೊಡಗಿದೆ. ಮೊದಲನೆಯದು ಅಚ್ಚಾದ ದಿನ ಅವ್ವನ ಮುಂದೆ ಜಂಬ ಕೊಚ್ಚಿಕೊಂಡೆ. ಶಾಂತಾ ಅತ್ತೆ ಮೊದಲು ಗಂಗಿ ಎಂದು ಕಥೆ ಹೇಳುತ್ತಿದ್ದಳು, ನಾನೇ ಹಟಮಾಡಿ ನನ್ನ ಹೆಸರು ಹಾಕಿಸಿದೆ ಎಂದೆ. ರೊಟ್ಟಿ ಬಡಿಯುತ್ತಿದ್ದ ಅವ್ವನ ಕೈ ನಿಂತಿತು.

"ಗಂಗಿ ಅಂದ್ರ ಆಕಿ ಮಗಳವಾ. ನೀ ಹುಟ್ಟಿದ ವರ್ಷ ಮೂರ ದಿನದ ಜ್ವರದಾಗ ಹೋತು. ಒಂಬತ್ತ ವರ್ಷದ್ದು."

ನಮ್ಮ ಮನೆತನದಲ್ಲೊಂದು ರೂಢಿ ಇತ್ತು. ಬೆಳೆಯುವ ಕೂಸು ಇರುವ ಮನೆಯಲ್ಲಿ ಹೋದ ಕೂಸಿನ ಹೆಸರು ಎತ್ತಬಾರದು. ಅದಕ್ಕೇ ನನಗೆ ಯಾರೂ ಹೇಳಿರಲಿಲ್ಲ. ಅತ್ತೆಯ ಬಣಗುಡುವ ಮನೆಗೆ ಒಂದು ಕೂಸಿರಲಿ ಎಂದು ಕೂಡ ನನ್ನನ್ನು ಅಲ್ಲಿ ಬಿಟ್ಟಿದ್ದರಂತೆ. ನಾನು ಆ ಮನೆಗೆ ಹೋದ ಮೇಲೆ ಅತ್ತೆಗೆ ತನ್ನ ಮಗಳ ಹೆಸರನ್ನು ಬಾಯಿತುಂಬ ಅನ್ನುವುದಕ್ಕೆ ಉಳಿದಿದ್ದ ಜಾಗ ಕಥೆ ಒಂದೇ. ಕಥೆಯಲ್ಲಿ ಬಂದ ಹೆಸರಿಗೆ ಯಾರೂ ತಪ್ಪು ಹೇಳುವಂತಿರಲಿಲ್ಲ. ಆ ಜಾಗದಿಂದಲೂ ಗಂಗಿಯನ್ನು ನಾನು ಹೊರಗೆ ಹಾಕಿದೆ. ಏಳೆಂಟು ವರ್ಷದ ಹುಡುಗಿಗೆ ಏನು ತಿಳಿದೀತು ಎಂದು ಎಲ್ಲರೂ ಸಮಾಧಾನ ಹೇಳುತ್ತಾರೆ. ನನಗೆ ಸಮಾಧಾನವಾಗಿಲ್ಲ.

ಮರುದಿನವೇ ಗರಗಕ್ಕೆ ಹೋದೆ. ಮಾಮಾ ಅಷ್ಟರಲ್ಲಿ ತೀರಿಹೋಗಿದ್ದರು. ಅತ್ತೆಯ ಕೈ ನಡುಗುತ್ತಿತ್ತು, ನೂಲುವುದು ನಿಂತಿತ್ತು. ಕಾಲ ಹತ್ತಿರ ಕೂತು, "ಅತ್ತಿ, ನನಗ ಗೊತ್ತಿರಲಿಲ್ಲ, ತಪ್ಪಾತು" ಎಂದೆ. ಅವಳು ಸೆರಗಿನಿಂದ ನನ್ನ ಮುಖ ಒರೆಸಿ, "ಹುಚ್ಚಿ, ಅಳ್ತೀಯೇನ? ನೀನೂ ನನ್ನ ಕೂಸ ಅಲ್ಲೇನು" ಎಂದಳು.

"ಗಂಗಿ ಕಥಿ ಹೇಳು ಅತ್ತಿ. ಗಂಗಿ ಅಂತನ ಹೇಳು."

ಅತ್ತೆ ಗೋಡೆಗೆ ಆನಿಕೊಂಡು ಕಣ್ಣು ಮುಚ್ಚಿದಳು. "ಗಂಗಿ ಅಂತ ಒಬ್ಬ ಹುಡಿಗಿ ಇದ್ಲು" ಎಂದಳು, ಕಥೆ ಅಷ್ಟಕ್ಕೇ ನಿಂತಿತು. ಇನ್ನೊಮ್ಮೆ ಅದನ್ನೇ ಅಂದಳು. ಆಮೇಲೆ ಕಣ್ಣು ತೆರೆದು, ಏನೋ ಕಳೆದುಕೊಂಡವರ ಹಾಗೆ ನನ್ನನ್ನೇ ನೋಡಿದಳು.

"ಆಕಿ ಮಾರಿ ನೆನಪಾಗವಲ್ದು ಸವಿ. ಭಾಳ ವರ್ಷಾತು. ಕಣ್ಣ ಮುಚ್ಚಿದ್ರ ಆ ಯಂತ್ರದಾಗ ನೀನ ಕುಂತಿರ್ತಿ."

ಅವಳ ದನಿಯಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ಎಷ್ಟೋ ಚಲೋ ಇತ್ತು. ಮುಖ ನೋಡೋಣವೆಂದರೆ ಗಂಗಿಯ ಒಂದೇ ಒಂದು ಫೋಟೋ ತೆಗೆಸಿರಲಿಲ್ಲ. ಮುಂದಿನ ಮಳೆಗಾಲದಲ್ಲಿ ಅತ್ತೆಯೂ ಹೋದಳು.

ಈ ವರ್ಷ ಆ ಕಥೆಗಳನ್ನೆಲ್ಲ ಪುಸ್ತಕ ಮಾಡಲು ಕೂತೆ. ಎಡಗೈ, ಮುರಿದ ಹಲ್ಲು, ಗಿಡ್ಡ ಜುಟ್ಟು, ಹಲ್ಲಿಯ ಹೆದರಿಕೆ, ನಾನು ಕಿತ್ತು ಒಗೆದದ್ದನ್ನೆಲ್ಲ ಒಂದೊಂದಾಗಿ ತಂದು ಇಟ್ಟೆ. ಕಳೆದ ವಾರ ಚಿತ್ರ ಬರೆಯುವ ಹುಡುಗಿ ಧಾರವಾಡದಿಂದ ಫೋನ್ ಮಾಡಿದ್ದಳು. "ಮೇಡಂ, ಎಲ್ಲಾ ತಿಳೀತ್ರಿ. ಖರೇ ಗಂಗಿ ಮಾರಿ ಹೆಂಗೈತಿ ಅಂತ ನೀವು ಎಲ್ಲೂ ಬರದಿಲ್ಲಲ್ರಿ? ಗುಂಡನ ಮಾರಿನೋ, ಉದ್ದಂದೋ?"

"ಬೆನ್ನ ಕಡಿಂದ ತಗಿಯವಾ," ಎಂದೆ. "ಎಲ್ಲಾ ಚಿತ್ರದಾಗೂ."

"ಮಕ್ಕಳಿಗೆ ಮಾರಿ ನೋಡಬೇಕು ಅನಸ್ತೈತಲ್ರಿ ಮೇಡಂ" ಎಂದಳು.

ನನಗೂ ಅನ್ನಿಸುತ್ತದೆ ಎಂದು ಹೇಳಿ ಫೋನ್ ಇಟ್ಟೆ.