ರಟ್ಟಿನ ಹಿಂಬದಿಯ ಕತ್ತೆ

ಮಾತು ಬಿದ್ದುಹೋದವರ ಮುಂದೆ ನಾವೆಲ್ಲ ಯಾಕೆ ಅಷ್ಟು ಜೋರಾಗಿ ಕೂಗುತ್ತೇವೆ? ಹೋದದ್ದು ಅವರ ಮಾತು, ಕಿವಿಯಲ್ಲ. ಕೂಗಿ ಸುಸ್ತಾದ ಮೇಲೆ ಪಕ್ಕದವರ ಕಡೆ ತಿರುಗಿ, ಎದುರಿಗೆ ಕೂತಿರುವುದು ಕುಂಬಳಕಾಯಿ ಎಂಬಂತೆ, ‘ಊಟ ಮಾಡ್ತಾರಾ?’ ಎಂದು ವಿಚಾರಿಸುತ್ತೇವೆ. ನೆನೆದರೆ ಈಗಲೂ ಮೈ ಉರಿಯುತ್ತದೆ.

ಐವತ್ತರ ದಶಕದ ಕೊನೆ. ನಾನು ಎಂ.ಎ. ಮುಗಿಸಿ ಶಿರಾದಲ್ಲಿ ಕೆಲಸವಿಲ್ಲದೆ ಅಲೆಯುತ್ತಿದ್ದೆ. ಅರವತ್ತರ ದಶಕದ ಆರಂಭವೂ ಇರಬಹುದು. ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ, ನೀವೂ ನಂಬಬೇಡಿ. ಗಂಡ ತೀರಿಕೊಂಡ ಮೇಲೆ ನಮ್ಮ ಬೀದಿಯಲ್ಲಿ ಬಳೆಯಂಗಡಿ ನಡೆಸುತ್ತಿದ್ದ ಜುಬೇದಾಬಿಗೆ ಲಕ್ವ ಹೊಡೆಯಿತು. ಬಲಗೈಯೂ ಮಾತೂ ಒಟ್ಟಿಗೆ ಹೋದವು. ಅದುವರೆಗೆ ಹುಲಿಕುಂಟೆಯ ಕಡೆಯ ಹಳ್ಳಿಗಳಿಂದ ಬರುತ್ತಿದ್ದ ಹೆಂಗಸರಿಗೆ ಬಳೆ ಒಂದು ನೆಪ. ಬರುತ್ತಿದ್ದದ್ದು ಆಕೆಯ ತಮಾಷೆಗೆ, ಬೈಗುಳಕ್ಕೆ.

ಮೈದುನ ಗಫಾರ್ ಸಾಬರು ಕೆಟ್ಟವರಲ್ಲ. ಒಂದು ರಟ್ಟಿನ ಮೇಲೆ ಚಿತ್ರ ಬರೆಸಿ ತಂದರು: ಲೋಟ, ತಟ್ಟೆ, ಚೊಂಬು, ದಿಂಬು. ಬೇಕಾದ್ದನ್ನು ಎಡಗೈಯಲ್ಲಿ ಮುಟ್ಟಿದರಾಯಿತು. ಬೀದಿಯೆಲ್ಲ ಮೆಚ್ಚಿತು. ಶಬ್ದಕ್ಕೆ ಅಭಿಧೆ, ಲಕ್ಷಣೆ, ಬಾಯಿಬಿಟ್ಟು ಹೇಳದೆಯೇ ಸೂಚಿಸುವ ವ್ಯಂಜನೆ ಎಂಬ ಮೂರು ಶಕ್ತಿಗಳುಂಟೆಂದು ಉರುಹೊಡೆದಿದ್ದ ನಾನೂ ಮೆಚ್ಚಿದೆ. ಆ ರಟ್ಟಿನಲ್ಲಿ ಬೈಯುವುದಕ್ಕೆ, ನಗಿಸುವುದಕ್ಕೆ, ಕೊನೆಗೆ ‘ಬೇಡ’ ಎನ್ನುವುದಕ್ಕೂ ಜಾಗವಿರಲಿಲ್ಲ. ಮಾತು ಸಿಕ್ಕಿದ್ದು ಆಕೆಯ ಹೊಟ್ಟೆಗೆ, ಆಕೆಗಲ್ಲ. ಇದಕ್ಕೆ ಉಪಕಾರವೆಂದು ಹೆಸರು!

ಒಂದು ಸಂಜೆ ಗಫಾರ್ ಸಾಬರು ಆಕೆಯ ಎದುರಿಗೇ ನನ್ನ ಹತ್ತಿರ ಅಂಗಡಿಯನ್ನು ಬೇರೆಯವರಿಗೆ ಬಿಟ್ಟುಕೊಡುವ ಮಾತೆತ್ತಿದರು.

‘ಭಾಬಿ ಆರಾಮಾಗಿ ಮನೇಲಿರ್ಲಿ ಬುಡಿ ಸಾರ್. ಮಾತಿಲ್ದೆ ಯಾಪಾರ ಹೆಂಗೆ ಮಾಡ್ತಾರೆ?’

‘ಅವರನ್ನ ಕೇಳಿದ್ರಾ?’ ಎಂದೆ.

‘ಕೇಳೋದೇನೈತೆ? ಬೇಕಾದ್ರೆ ತೋರಿಸ್ತಾರೆ. ರಟ್ಟೈತಲ್ಲ!’

ಜುಬೇದಾಬಿ ರಟ್ಟನ್ನು ಎಳೆದುಕೊಂಡು, ಬೋರಲು ಹಾಕಿ, ಅದರ ಮೇಲೆ ಕೂತುಬಿಟ್ಟಳು. ಇಂಥ ವ್ಯಂಜನೆಯನ್ನು ನಾನು ಯಾವ ಕಾವ್ಯದಲ್ಲೂ ಕಂಡಿಲ್ಲ. ಮಗಳು ನಸೀಮಾ ಕಿಸಕ್ಕನೆ ನಕ್ಕಳು: ‘ಬ್ಯಾಡ ಅಂತಾವ್ರೆ ಚಾಚಾ, ಇನ್ನೂ ಹೆಂಗೆ ಹೇಳ್ಬೇಕು?’

ಮರುದಿನ ನಸೀಮಾ ರಟ್ಟಿನ ಹಿಂಬದಿಗೆ ಇದ್ದಿಲಿನಲ್ಲಿ ಹೊಸ ಚಿತ್ರಗಳನ್ನು ಬರೆದಳು. ‘ಬೇಡ’ಕ್ಕೆ ಅಡ್ಡ ಹಿಡಿದ ಅಂಗೈ, ಅಂಗಡಿಗೆ ಬಳೆ, ಬೈಗುಳಕ್ಕೆ ಕತ್ತೆ. ಜುಬೇದಾಬಿ ಮೊದಲು ಅಂಗೈಯನ್ನೂ ಆಮೇಲೆ ಬಳೆಯನ್ನೂ ಮೈದುನನಿಗೆ ಕುಟ್ಟಿ ಕುಟ್ಟಿ ತೋರಿಸಿದಳು: ಕೊಡುವುದು ಬೇಡ, ಅಂಗಡಿ ನನ್ನದು. ಅಂಗಡಿ ಉಳಿಯಿತು. ನಸೀಮಾ ಬಳೆ ತೊಡಿಸುತ್ತಿದ್ದಳು, ತಾಯಿ ಯಜಮಾನಿಕೆ ಮಾಡುತ್ತಿದ್ದಳು. ಚೌಕಾಸಿ ಅತಿಯಾದಾಗ ಕತ್ತೆಗೆ ಕೆಲಸ ಬೀಳುತ್ತಿತ್ತು; ಹಳ್ಳಿಯ ಹೆಂಗಸರು ಬಿದ್ದು ಬಿದ್ದು ನಗುತ್ತಿದ್ದರು.

ಆಮೇಲೊಮ್ಮೆ ಮಧುಗಿರಿಯಿಂದ ಬಂದಿದ್ದ ಸಭ್ಯಸ್ಥರೊಬ್ಬರು ಅಂಗಡಿಯ ಮುಂದೆ ನಿಂತು ನನ್ನನ್ನು ಕೇಳಿದರು: ‘ಪಾಪ, ಈಯಮ್ಮನಿಗೆ ಕಷ್ಟ ಅಲ್ವಾ?’ ನನಗೆ ರೇಗಿಹೋಯಿತು. ‘ನನ್ನನ್ನೇಕೆ ಕೇಳ್ತೀರಿ? ಅವರನ್ನೇ ಕೇಳಿ!’ ಎಂದು ಶುರುಮಾಡಿ, ಆಕೆಗೆ ಏನು ಕಷ್ಟ, ಏನು ಇಷ್ಟ, ಆಕೆಯ ಮನಸ್ಸಿನಲ್ಲಿ ಏನಿದೆ ಎಂದು ಉಸಿರು ಬಿಡದೆ ಭಾಷಣ ಬಿಗಿದೆ. ನಡುವೆ ಜುಬೇದಾಬಿ ಕತ್ತೆಯನ್ನು ಮುಟ್ಟಿದಳು.

ಅದು ಆ ಸಭ್ಯಸ್ಥರಿಗೆ ಅಂದದ್ದೆಂದು ನಾನು ಎಷ್ಟೋ ವರ್ಷ ಹೇಳಿಕೊಂಡು ತಿರುಗಿದೆ. ಈಚೆಗೆ ನೆನಪನ್ನು ಕೆದಕಿದರೆ, ಆಕೆಯ ಕಣ್ಣು ಇದ್ದದ್ದು ನನ್ನ ಮೇಲೆ.