ಉಳಿಸಲು ಏನೂ ಇಲ್ಲದ ಕ್ಲಬ್ಬು

ಎರಡನೇ ಇಯತ್ತೆಗೇ ಶಾಲೆ ಬಿಟ್ಟವಳು ನಾನು. ಓದಿದವರು ಪೆನ್ನು ಕಚ್ಚುತ್ತ ಅರ್ಜಿ ತುಂಬುವುದನ್ನು ನೋಡುವುದೆಂದರೆ ನನಗೆ ಒಳಗೊಳಗೇ ಖುಷಿ.

ಅಹಮದಾಬಾದಿನ ನವರಂಗಪುರದಲ್ಲಿ, ನಾನಿರುವ ಮಗಳ ಮನೆಯ ಹತ್ತಿರ, ನನ್ನ ಮೊಮ್ಮಗಳು ಸುರಭಿ ಖೋ ಖೋ ಆಡುವ ಕ್ಲಬ್ಬಿದೆ. ಕ್ಲಬ್ಬೆಂದರೆ ಒಂದು ಮಣ್ಣಿನ ಬಯಲು, ಎರಡು ಕಂಬ, ಒಂದು ನೀರಿನ ಮಡಕೆ. ಅಳಿಯನೇ ಕಾರ್ಯದರ್ಶಿ. ಅವನಿಗೆ ಆಕಾಶದಿಂದ ಭೂಮಿಯ ಬಿಸಿ ಅಳೆಯುವ ಕಚೇರಿಯಲ್ಲಿ ನೌಕರಿ. ಇಲ್ಲಿನ ಬಿಸಿ ತಿಳಿಯಲು ಅಷ್ಟು ಮೇಲೆ ಹೋಗಬೇಕಿಲ್ಲ; ಬೇಸಿಗೆಯಲ್ಲಿ ಸಂಜೆ ಐದಕ್ಕೂ ಬಯಲು ಕಾದ ಹಂಚು. “ಆಯಿ, ಕಾಲು ಜಲ್ ಗಯಾ” ಎನ್ನುತ್ತ ಬರುತ್ತಾಳೆ ಸುರಭಿ. ಅವಳ ಕನ್ನಡ ಅರ್ಧ ದಾರಿಯಲ್ಲೇ ಹಿಂದಿಯ ಬಸ್ಸು ಹತ್ತುತ್ತದೆ. ನೆರಳಿಗೊಂದು ಚಪ್ಪರ ಬೇಕು, ಇಲ್ಲವಾದರೆ ಮಳೆಗಾಲದವರೆಗೆ ಹುಡುಗಿಯರ ಆಟ ಬಂದ್.

ಕರೆಂಟು, ಹೊಗೆ ಕಡಿಮೆ ಮಾಡಿ ಹವೆ ಕೆಡದಂತೆ ಕಾಪಾಡುವ ಕ್ಲಬ್ಬುಗಳಿಗೆ ಯಾವುದೋ ಸಂಸ್ಥೆ ಹಣ ಕೊಡುತ್ತದಂತೆ. ಅಳಿಯ ಅರ್ಜಿ ಹಾಕಿದ. ವಿಚಾರಿಸಲು ಒಬ್ಬ ಹೆಣ್ಣುಮಗಳು ಬಂದಳು. ಕರೆಂಟಿನ ಬಿಲ್ಲು? ದೀಪವೇ ಇಲ್ಲ. ಪಂಪು? ಮಡಕೆ. ಮಕ್ಕಳು ಬರುವ ಗಾಡಿ? ಕಾಲು. ಆಕೆ ಹಿಂದಿಯಲ್ಲಿ ಮೆತ್ತಗೆ ಹೇಳಿದಳು: “ಅಮ್ಮಾ, ನೀವು ಏನನ್ನೂ ಸುಡುತ್ತಿಲ್ಲ. ಏನನ್ನು ಕಡಿಮೆ ಮಾಡಿದಿರಿ ಎಂದು ನಾನು ಬರೆಯಲಿ?”

“ಉಪಾಸ ಇದ್ದಾಕಿಗೆ, ಮೊದಲು ಹೊಟ್ಟಿ ಕರಗಿಸು, ಆಮ್ಯಾಲೆ ಉಣ್ಣಾಕ ಹಾಕ್ತೀನಿ ಅಂದಂಗಾತು” ಎಂದೆ. ಅಳಿಯ ಅದನ್ನು ಹಿಂದಿಗೆ ತಿರುಗಿಸಲಿಲ್ಲ.

ಆಕೆಯ ತಪ್ಪಲ್ಲ. ಲೋಕವೇ ಹಾಗೆ. ಕುಡಿತ ಬಿಟ್ಟವನಿಗೆ ಹಾರ ಹಾಕುತ್ತಾರೆ. ಕುಡಿಯದವನಿಗೆ ಯಾರು ಹಾಕುತ್ತಾರೆ? ನನ್ನ ಗಂಡ ಒಂದು ಹನಿ ಮುಟ್ಟಿದವನಲ್ಲ. ಹಾರ ಬಿದ್ದದ್ದು ಸತ್ತ ಮೇಲೆ.

ಆಕೆ ಹೋದ ಮೇಲೆ ಅಳಿಯನಿಗೆ ಹುರುಪು ಬಂತು. “ಅತ್ತಿ, ಈ ವರ್ಷ ದೊಡ್ಡ ದೊಡ್ಡ ದೀಪ ಹಾಕ್ಸೋಣು. ಬಿಲ್ ಬರ್ಲಿ. ಮುಂದಿನ ವರ್ಷ ತಗಿಸೋಣು, ಉಳಿಸೇವಿ ಅಂತ ಬರಿಯೋಣು.”

“ಪಪ್ಪಾ, ಪಾಗಲ್ ಆಗೀರೇನು?” ಎಂದಳು ಸುರಭಿ. ಈ ಮನೆಯಲ್ಲಿ ಬುದ್ಧಿ ಒಂದು ತಲೆಮಾರು ಹಾರಿ ಇಳಿದಿದೆ.

ಚಪ್ಪರ ಬರಲಿಲ್ಲ. ಹುಡುಗಿಯರೇ ಮಾತಾಡಿಕೊಂಡು ಆಟವನ್ನು ಬೆಳಗಿನ ಐದೂವರೆಗೆ ತಂದರು. ಆಗ ನೆಲ ತಣ್ಣಗಿರುತ್ತದೆ, ಒಬ್ಬಳೂ ತಪ್ಪಿಸುವುದಿಲ್ಲ. ಸುರಭಿಯನ್ನು ಎಬ್ಬಿಸುವ ಕೆಲಸ ಮಾತ್ರ ನನ್ನ ಪಾಲಿಗೆ ಬಂತು. ಹವೆ ಎಷ್ಟು ಉಳಿಯಿತೋ ಓದಿದವರು ಅಳೆದುಕೊಳ್ಳಲಿ. ಆಟ ಉಳಿಯಿತು, ಅದಕ್ಕೆ ಹೋದದ್ದು ನನ್ನ ಬೆಳಗಿನ ನಿದ್ದೆ. ಅದನ್ನು ಬರೆಯಲು ಯಾವ ಅರ್ಜಿಯಲ್ಲೂ ಜಾಗವಿಲ್ಲ.