ಅರೇಹಳ್ಳಿಯ ನಕ್ಷೆ ಮಾತ್ರ ನಿಧಾನ

ಎರಡು ಸಾವಿರದ ಇಸವಿಯ ಆಚೀಚೆ ನಾನು ಬೇಲೂರಿನ ಸರ್ವೆ ಕಚೇರಿಯಲ್ಲಿ ಗುತ್ತಿಗೆ ಕೆಲಸದಲ್ಲಿದ್ದೆ. ಕಂಪ್ಯೂಟರಿಗೆ ಏರಿಸಿದ್ದ ಹೊಲಗದ್ದೆಗಳ ನಕ್ಷೆಯನ್ನು ನೋಡಿಕೊಳ್ಳುವುದು, ಕೇಳಿದವರಿಗೆ ತೆಗೆದುಕೊಡುವುದು. ಅರಸೀಕೆರೆಯವಳು ನಾನು, ಬೇಲೂರಿನಲ್ಲಿ ಗುರುತಿನವರು ಯಾರೂ ಇರಲಿಲ್ಲ. ಮಹಡಿ ಮೇಲೊಂದು ಕೋಣೆ, ಒಂದು ಕಂಪ್ಯೂಟರು, ನಾನು. ಭಾನುವಾರವಿಡೀ ಯಾರೊಂದಿಗೂ ಮಾತಿಲ್ಲದೆ ಕಳೆದದ್ದುಂಟು.

ಒಬ್ಬೊಬ್ಬ ಸರ್ವೆಯರಿಗೆ ಅವರವರ ಹೋಬಳಿಯ ನಕ್ಷೆ ಮಾತ್ರ ಕಾಣಬೇಕು ಎಂಬ ಕಟ್ಟಳೆಯಿತ್ತು. ಅದನ್ನು ಕಂಪ್ಯೂಟರಿಗೆ ಬರೆದವರು ಯಾರೋ ಪುಣ್ಯಾತ್ಮರು. ಸರ್ವೆ ನಂಬರು ಒತ್ತಿದರೆ ಅದು ಇಡೀ ತಾಲ್ಲೂಕಿನ ಒಂದೊಂದು ಹೊಲವನ್ನೂ ಹಿಡಿದು, ಇದನ್ನು ನೋಡಲು ಇವರಿಗೆ ಹಕ್ಕಿದೆಯೇ ಎಂದು ವಿಚಾರಿಸುತ್ತಿತ್ತು. ನಕ್ಷೆ ತೆರೆಯಲು ಅರ್ಧ ಗಂಟೆ. ಅಷ್ಟು ಹೊತ್ತೂ ಅರೇಹಳ್ಳಿ ಹೋಬಳಿಯ ಸರ್ವೆಯರೊಬ್ಬರು ನನ್ನೆದುರು ಕೂತು ಮಾತಾಡುತ್ತಿದ್ದರು. ನಿವೃತ್ತಿಗೆ ಹತ್ತಿರವಾದವರು. ಬೇಲಿ ಜರುಗಿಸಿದ ಅಣ್ಣತಮ್ಮಂದಿರ ಕಥೆ, ಅಳತೆಯ ಸರಪಳಿ ಕಂಡು ಬೆದರಿ ಓಡಿದ ಎಮ್ಮೆಯ ಕಥೆ. ವಾರಕ್ಕೆರಡು ಸಲ ಸಿಗುವ ಆ ಅರ್ಧ ಗಂಟೆಗೆ ನಾನು ಕಾದಿರುತ್ತಿದ್ದೆ.

ಒಂದು ದಿನ ಉಪಾಯ ಹೊಳೆಯಿತು. ಬಂದವರು ಯಾವ ಹೋಬಳಿಯವರೆಂದು ಮೊದಲೇ ಒಂದು ಸಲ ಕೇಳಿ, ಆ ಹೋಬಳಿಯೊಳಗೆ ಮಾತ್ರ ಹುಡುಕಿದರೆ ಸಾಕಲ್ಲ. ಹಾಗೆ ಪ್ರೋಗ್ರಾಮು ತಿದ್ದಿ, ಮೊದಲು ಒಂದು ಹೋಬಳಿಗೆ ಹಚ್ಚಿ ನೋಡಿದೆ. ಹಳೇಬೀಡಿನ ನಕ್ಷೆ ಕಣ್ಣು ಮಿಟುಕಿಸುವಷ್ಟರಲ್ಲಿ ಬಂತು. ಉಳಿದ ಹೋಬಳಿಗಳನ್ನೂ ಸರಿಮಾಡಿದೆ. ಅರೇಹಳ್ಳಿಯದನ್ನು ಮಾತ್ರ ಬೇಕೆಂದೇ ಬಿಟ್ಟೆ.

“ನಮ್ಮ ಹೋಬ್ಳಿದು ಮಾತ್ರ ಯಾಕಮ್ಮ ಇನ್ನೂ ಹಿಂಗೈತೆ?” ಎಂದು ಅವರು ಕೇಳಿದರು. ಕಾಫಿ ತೋಟಗಳ ಗಡಿ ಅಂಕುಡೊಂಕು, ಅದಕ್ಕೇ ತಡ ಎಂದೆ. ನಂಬಿದರು. ಕಳ್ಳನ ಮನಸ್ಸು ಹುಳ್ಳಹುಳ್ಳಗೆ. ಆ ದಿನ ಅವರ ಕಥೆ ಯಾವುದೂ ನನ್ನ ಕಿವಿಗೆ ಇಳಿಯಲಿಲ್ಲ.

ಮುಂದಿನ ವಾರ ಕಾಲೆಳೆಯುತ್ತಾ ಬಂದರು. ಹೋದ ಸಲ ನಕ್ಷೆ ಕೈಗೆ ಸಿಗುವ ಹೊತ್ತಿಗೆ ಕೊನೆಯ ಬಸ್ಸು ಹೊರಟುಹೋಗಿತ್ತಂತೆ. ಸಿಕ್ಕ ಲಾರಿ ಹತ್ತಿ, ಉಳಿದ ದಾರಿ ನಡೆದು ಮನೆ ಸೇರಿದ್ದರು. ಮಂಡಿ ಊದಿಕೊಂಡಿತ್ತು. ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಅವರೆದುರೇ ಕೂತು ಅರೇಹಳ್ಳಿಯ ನಾಲ್ಕು ಸಾಲು ತಿದ್ದಿದೆ. ನಕ್ಷೆ ತಕ್ಷಣ ಬಂತು.

“ತಡ ಮಾಡಿದ್ದು ನಾನೇ ಸಾರ್. ನೀವು ಕೂತು ಮಾತಾಡ್ಲಿ ಅಂತ,” ಎಂದೆ. ತಲೆ ಎತ್ತಲಾಗಲಿಲ್ಲ.

ಅವರು ನಕ್ಷೆ ಮಡಿಸಿ ಚೀಲಕ್ಕೆ ಹಾಕಿಕೊಂಡರು. “ನಕ್ಷೆ ಬರೋಗಂಟ ಕೆಳಗಡೆ ಹೋಟ್ಲಲ್ಲಿ ಕೂತ್ಕಬೋದಿತ್ತು ಕಣಮ್ಮ. ನೀವೊಬ್ರೇ ಇರ್ತೀರಲ್ಲ ಅಂತ ಇಲ್ಲಿ ಕೂರ್ತಿದ್ದೆ,” ಎಂದರು.

ಆಮೇಲೆ ಬಂದಾಗಲೆಲ್ಲ ನಿಂತೇ ನಕ್ಷೆ ಈಸಿಕೊಂಡು ಹೋದರು.